ಎರಡು ತುದಿ ಕಟ್ಟಿದ ತಂತಿ

ಹೊರಗಿನಿಂದ ನಮ್ಮ ಊರಿಗೆ ಸೊಸೆಯಾಗಿ ಬಂದವಳಿಗೆ ಅತ್ತೆ ಮೊದಲು ಹೇಳಿಕೊಡುವುದು ಒಲೆಯ ವಿಷಯವಲ್ಲ, ಹಗ್ಗದ ವಿಷಯ. ಎರಡು ತುದಿ ಕಟ್ಟಿದ್ದು ಊರಿನದು, ಒಂದು ತುದಿ ಬಿಟ್ಟದ್ದು ನಿನ್ನದು ಎಂದು ನನ್ನ ಅತ್ತೆಯೂ ಹೇಳಿದ್ದರು. ನಾನು ಕೇಳುವವಳೇ? ಬಂದ ವಾರದಲ್ಲೇ, ಗಾಳಿಗೆ ಹಾರದಿರಲಿ ಎಂದು ಹೊಸ ಇಳಕಲ್ ಸೀರೆಯ ಎರಡೂ ತುದಿಯನ್ನು ಹಿತ್ತಿಲಿನ ಎರಡು ಗೂಟಗಳಿಗೆ ಗಂಟು ಹಾಕಿ ಒಣಗಲು ಬಿಟ್ಟೆ. ಹೊತ್ತೇರಿದಂತೆ ಗೂಟದಿಂದ ಗೂಟ ದೂರ ಸರಿಯಿತು, ಸೀರೆಯೂ ಅದರ ಜೊತೆ ಉದ್ದವಾಯಿತು. ಎರಡು ಮೊಳ ಲಾಭವಾಯಿತು ಅಂದುಕೊಂಡು ಗಂಟು ಬಿಚ್ಚಿದರೆ ನನ್ನ ಕೈಯಲ್ಲೇ ಅದು ಮುದುಡಿ ಮೊದಲಿನಷ್ಟಾಯಿತು. ಅತ್ತೆ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ದಿನವೂ ಹೊತ್ತೇರಿದಂತೆ ಊರು ಹಿಗ್ಗುತ್ತದೆ, ಹೊತ್ತು ಮುಳುಗಿದ ಮೇಲೆ ಕುಗ್ಗುತ್ತದೆ. ನೆಲ, ಗೋಡೆ, ಮಾಳಿಗೆ, ಎರಡು ಕಡೆ ಬಿಗಿದು ಕಟ್ಟಿದ ಸಾಮಾನು, ಇಷ್ಟೂ ಹಿಗ್ಗುತ್ತವೆ. ಮನುಷ್ಯರು, ದನಕರುಗಳು, ಬಿಡಿಯಾಗಿ ಬಿದ್ದ ವಸ್ತುಗಳು ಇದ್ದಷ್ಟೇ ಇರುತ್ತವೆ. ಇದು ಯಾಕೆ ಹೀಗೆ ಎಂದು ತಿಳಿಯಲು ಬಂದ ಪಂಡಿತರು ಒಂದು ವಾರ ಇದ್ದು, ಬಿಸಿಲಿಗೆ ಮೂಗು ಸುಟ್ಟುಕೊಂಡು ಹೋದರು. ನಾವು ತೊಟ್ಟಿಲನ್ನು ಒಂದೇ ಕೊಂಡಿಗೆ ತೂಗಿಹಾಕುತ್ತೇವೆ. ಮದುವೆಯಲ್ಲಿ ತೋರಣ ಕಟ್ಟುವುದಿಲ್ಲ. ಹುಡುಗಿಯ ಸೋದರಮಾವಂದಿರು ಆಚೆಗೊಬ್ಬ ಈಚೆಗೊಬ್ಬ ಅದರ ತುದಿ ಹಿಡಿದು ಅಕ್ಕಿಕಾಳು ಬೀಳುವ ತನಕ ನಿಂತಿರುತ್ತಾರೆ. ಟೆಲಿಫೋನಿನವರು ಎರಡು ಸಲ ಬಂದು ತಂತಿ ಎಳೆದರು, ಎರಡು ಸಲವೂ ಕಂಬ ಕಿತ್ತುಕೊಂಡು ಹೋದರು.

ಇಂಥ ಊರಿನಲ್ಲಿ ನನಗೆ, ಮನೆಯಲ್ಲೇ ಕೂತು ದೂರದವರ ಜೊತೆ ಗಾಳಿಯಲ್ಲಿ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು. ನನ್ನ ಅಪ್ಪನಿಗೆ ಇತ್ತು, ನನಗೂ ಅಂಟಿತು. ತವರಿನಿಂದ ಬೇರೆಯವರು ಬೆಳ್ಳಿ ಬಟ್ಟಲು ತಂದರೆ ನಾನು ಒಂದು ರೇಡಿಯೊ ಸೆಟ್ಟು, ಒಂದು ಟ್ಯೂನರ್ ಪೆಟ್ಟಿಗೆ, ಒಂದು ಸುರುಳಿ ತಾಮ್ರದ ತಂತಿ ತಂದೆ. ನಾನು ಮಾತಾಡುವುದು ಎಂಬತ್ತು ಮೀಟರ್ ಉದ್ದದ ಅಲೆಯ ಮೇಲೆ. ಅದಕ್ಕೆ ಅಲೆಯ ಅರ್ಧದಷ್ಟು ಉದ್ದದ ತಂತಿ ಬೇಕು, ನಡುವಿನಿಂದ ಸೆಟ್ಟಿಗೆ ಕೇಬಲ್ಲು ಇಳಿಯಬೇಕು. ತಂತಿಯ ನಡುವನ್ನು ನಮ್ಮ ಮಾಳಿಗೆಯ ಬಿದಿರು ಗಳಕ್ಕೆ ಬಿಗಿದು, ಎರಡು ರೆಕ್ಕೆಗಳನ್ನು ಓರೆಯಾಗಿ ಇಳಿಬಿಟ್ಟು, ಒಂದರ ತುದಿಗೆ ಹಗ್ಗ ಹಾಕಿ ಮೂಡಲ ಮಗ್ಗುಲಿನ ಗದಿಗೆಪ್ಪ ಕಾಕಾನ ಮಾಳಿಗೆಗೂ, ಇನ್ನೊಂದನ್ನು ಪಡುವಲ ಮಗ್ಗುಲಿನ ಹುಸೇನಬಿಯ ಮಾಳಿಗೆಗೂ ಕಟ್ಟಿದ್ದೆ. ಕಟ್ಟಿದ ಮೇಲೆ ಅದು ಊರಿನದಾಯಿತಲ್ಲ, ಊರಿನ ಜೊತೆ ಹಿಗ್ಗುತ್ತಿತ್ತು. ಅಲೆಗೆ ಊರಿನ ಹಂಗಿಲ್ಲ, ಅದು ಇದ್ದಷ್ಟೇ ಇರುತ್ತದೆ. ತಂತಿ ಸರಿಯಾದ ಉದ್ದಕ್ಕಿಲ್ಲದಿದ್ದರೆ ಸೆಟ್ಟು ಕಳಿಸಿದ ಶಕ್ತಿ, ಬೀಗರ ಮನೆಗೆ ಕಳಿಸಿದ ಬುತ್ತಿ ಮುಚ್ಚಳ ತೆಗೆಯದೆ ತಿರುಗಿ ಬಂದ ಹಾಗೆ, ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ. ಎಷ್ಟು ವಾಪಸ್ಸು ಬಂತು ಎಂಬುದನ್ನು ಟ್ಯೂನರ್ ಪೆಟ್ಟಿಗೆಯ ಮುಳ್ಳು ತೋರಿಸುತ್ತದೆ. ಸಂಜೆಯ ಮುಂಚಿನ ಹೊತ್ತಿಗೆ ಊರು ಎಷ್ಟು ಹಿಗ್ಗಿರುತ್ತದೋ ಅಷ್ಟಕ್ಕೆ ಅಂದಾಜು ಮಾಡಿ ತಂತಿ ಕತ್ತರಿಸಿದ್ದೆ. ಹೆಚ್ಚುಕಡಿಮೆಯಾದರೆ ಟ್ಯೂನರಿನ ಎರಡು ಗುಂಡಿ ತಿರುಗಿಸಿ ಹೊಂದಿಸಿಕೊಳ್ಳುತ್ತಿದ್ದೆ.

ಆ ಹೊತ್ತೇ ಯಾಕೆಂದರೆ, ನನ್ನ ಗಂಡ ಮುರಿಗೆಪ್ಪ ಓಡಿಸುವ ಬಸ್ಸು ಆಗ ಕರಿಕಟ್ಟಿಯಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ಕರಿಕಟ್ಟಿಯಿಂದ ನಮ್ಮೂರಿಗೆ ಎರಡು ತಾಸಿನ ದಾರಿ. ಅಲ್ಲಿ ಚಹಾದಂಗಡಿಯ ಪಕ್ಕದಲ್ಲಿ ದಾವಲಸಾಬನ ಅಂಗಡಿ. ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆ ಕೊಡುವುದು ಅವನ ಕಸುಬು, ಹ್ಯಾಮ್ ರೇಡಿಯೊ ಅವನ ಚಟ. ಚಿಕ್ಕಂದಿನಲ್ಲೇ ಒಂದು ಕಾಲು ಸೋತು ಊರುಗೋಲು ಹಿಡಿದವನು. ದಿನಾ ನನ್ನನ್ನು ಕರೆದು, ನೀಲಕ್ಕಾ, ನಿಮ್ಮ ಯಜಮಾನರು ಇವತ್ತು ನಾಲ್ಕು ಮಿರ್ಚಿ ತಿಂದಾರ, ರಾತ್ರಿ ರೊಟ್ಟಿ ಕಡಿಮಿ ಮಾಡ್ರಿ ಎಂದು ಚಾಡಿ ಹೇಳುತ್ತಿದ್ದ. ಊರವರಿಗೆ ಇದು ತಮಾಷೆ. ಗದಿಗೆಪ್ಪ ಕಾಕಾನಿಗೆ ಮಾತ್ರ ತಲೆನೋವು. ತಂತಿಯ ಮೇಲೆ ಕಾಗೆಗಳು ಕೂತು ಅವರ ಸಂಡಿಗೆ ಹಾಳು ಮಾಡುತ್ತವೆ ಎಂದು ವಾರಕ್ಕೊಮ್ಮೆ ಜಗಳಕ್ಕೆ ಬರುತ್ತಿದ್ದರು. ಒಂದೇ ಒಂದು ಸಲವೂ ಹಗ್ಗ ಬಿಚ್ಚಲಿಲ್ಲ ಅನ್ನುವುದನ್ನೂ ಹೇಳಬೇಕು.

ನಾನು ಹೇಳಹೊರಟ ದಿನ ಹೊರಗಿನ ಊರಿನಲ್ಲಿ ದೊಡ್ಡ ಸಂತೆ. ಬಸ್ಸಿನಲ್ಲಿ ನಮ್ಮೂರಿನವರೇ ತುಂಬಿದ್ದರು. ಕಂಡಕ್ಟರು ಹುಸೇನಬಿಯ ಮಗ ರಾಜೇಸಾಬ. ಗದಿಗೆಪ್ಪ ಕಾಕಾನ ಒಬ್ಬಳೇ ಮಗಳು ಕಲ್ಲವ್ವ ಹೆರಿಗೆಗೆ ತವರಿಗೆ ಬರುತ್ತಿದ್ದವಳು ಅದೇ ಬಸ್ಸಿಗೆ ಹತ್ತಿದ್ದಳು. ಮಧ್ಯಾಹ್ನವೇ ಊರಿನ ಲಕ್ಷಣ ಸರಿ ಇರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬರಲು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎದುರು ಮನೆಯವಳನ್ನು ಕೂಗಿ ಮಾತಾಡಿಸಬೇಕಾಯಿತು. ದೊಡ್ಡ ಹಿಗ್ಗು ಎಂದು ಅತ್ತೆ ಹೇಳುತ್ತಿದ್ದದ್ದನ್ನು ಕೇಳಿದ್ದೆ, ಒಂದು ತಲೆಮಾರಿಗೊಮ್ಮೆ ಬರುತ್ತದಂತೆ. ನಾನು ಕಂಡಿರಲಿಲ್ಲ.

ಹೊಳೆಯ ಕಡೆ ಎಮ್ಮೆ ಬಿಡಲು ಹೋಗಿದ್ದ ಹುಸೇನಬಿ ಎಮ್ಮೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಹಾಲು ಮಾರುವ ಈ ಹೆಂಗಸು ಓಡಿದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಕಟ್ಟೆ ಹಿಡಿದು ಉಸಿರು ತಂದುಕೊಂಡು ಹೇಳಿದಳು, “ನೀಲವ್ವಾ, ಬ್ರಿಜ್ಜು ನಡಕ ಹರದು ಹೊಳ್ಯಾಗ ಬಿದ್ದದ.”

ನಮ್ಮ ಸೇತುವೆಯ ಒಂದು ಕಾಲು ಮಾತ್ರ ಊರಿನದು, ಆಚೆಯ ಕಾಲು ಸರಕಾರದ್ದು. ಈಚೆಯದು ಎಂದಿಗಿಂತ ಹೆಚ್ಚು ಹಿಂದೆ ಸರಿಯಿತು, ಆಚೆಯದು ಜಪ್ಪಯ್ಯ ಅನ್ನಲಿಲ್ಲ. ನಡುವೆ ಕಿತ್ತು ಬಂತು. ಆಚೆ ದಡದಲ್ಲಿ ರಸ್ತೆ ಒಂದು ದಿಬ್ಬವನ್ನು ಸುತ್ತಿಕೊಂಡು ನೇರ ಸೇತುವೆಯ ಮೇಲೇ ಇಳಿಯುತ್ತದೆ. ದಿಬ್ಬ ತಿರುಗುವವರೆಗೆ ಏನೂ ಕಾಣುವುದಿಲ್ಲ. ಹಿಗ್ಗಿನ ಹೊತ್ತಿನಲ್ಲಿ ಸೇತುವೆಯ ಮೇಲೆ ತಡ ಮಾಡಬಾರದು, ಒಂದೇ ಉಸಿರಿಗೆ ದಾಟಬೇಕು ಎಂಬುದು ನಮ್ಮವರ ಪದ್ಧತಿ. ಅದಕ್ಕಾಗಿ ದಿಬ್ಬ ತಿರುಗುವ ಮೊದಲೇ ಬಸ್ಸಿಗೆ ವೇಗ ಕೊಡುತ್ತಾರೆ. ನನ್ನ ಗಂಡನಂತೂ ಅದರಲ್ಲಿ ಹುಲಿ. ಹರೆಯದವರು ಕೆಂಪು ಬಟ್ಟೆ ಹಿಡಿದು ಹೊಳೆಯ ದಡಕ್ಕೆ ಓಡಿದರು. ಆದರೆ ಸುಳಿಯಿದ್ದ ಹೊಳೆ ದಾಟುವ ಗಂಡಸು ಊರಿನಲ್ಲಿರಲಿಲ್ಲ, ಈಚೆಯಿಂದ ಬೀಸಿದ ಬಟ್ಟೆ ದಿಬ್ಬದ ಮರೆಯಲ್ಲಿದ್ದವನಿಗೆ ಕಾಣುವುದೂ ಇಲ್ಲ. ಉಳಿದದ್ದು ನನ್ನ ಸೆಟ್ಟು. ಬಸ್ಸು ಕರಿಕಟ್ಟಿ ಬಿಡುವ ಮೊದಲು ದಾವಲಸಾಬನ ಕಿವಿಗೆ ನನ್ನ ಮಾತು ಬೀಳಬೇಕು, ಬಿಟ್ಟ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ.

ಸೆಟ್ಟು ಹಚ್ಚಿ ಮೈಕಿನ ಗುಂಡಿ ಒತ್ತಿದೆ. ಮುಳ್ಳು ಒಂದೇ ಏಟಿಗೆ ಬಲಗಡೆಯ ತುದಿಗೆ ಹೋಗಿ ಅಂಟಿಕೊಂಡಿತು. ಕಳಿಸಿದ್ದೆಲ್ಲ ವಾಪಸ್ಸು. ನನ್ನ ಸೆಟ್ಟಿಗೆ ಜೀವದ ಮೇಲೆ ಆಸೆ ಜಾಸ್ತಿ, ಇಷ್ಟು ವಾಪಸ್ಸು ಬಂದರೆ ಸುಟ್ಟುಹೋಗುವ ಹೆದರಿಕೆಗೆ ತಾನೇ ದನಿ ತಗ್ಗಿಸಿಬಿಡುತ್ತದೆ. ಆ ಪಿಸುಮಾತು ಊರಿನ ಅಗಸೆ ಬಾಗಿಲನ್ನೂ ದಾಟುವುದಿಲ್ಲ. ಟ್ಯೂನರಿನ ಗುಂಡಿಗಳನ್ನು ಕೊನೆಯವರೆಗೂ ತಿರುಗಿಸಿದೆ. ಒಳಗೆ ಪಟ್ ಎಂದು ಕಿಡಿ ಹಾರಿತು, ಮುಳ್ಳು ಕದಲಲಿಲ್ಲ. ದಿನದ ಹಿಗ್ಗನ್ನು ಸುಧಾರಿಸುವ ಪೆಟ್ಟಿಗೆ ಅದು, ಈ ಹಿಗ್ಗು ಅದರ ಅಳತೆಗೆ ಮೀರಿದ್ದು.

ತಂತಿ ಉದ್ದವಾಗಿದ್ದರೆ ತುದಿ ಮಡಚಬೇಕು. ಅಪ್ಪ ಕಲಿಸಿದ್ದು ಅದನ್ನೇ: ಕತ್ತರಿಸಬೇಡ, ಮಡಚಿ ಸುತ್ತು. ಗದಿಗೆಪ್ಪ ಕಾಕಾನ ಮನೆಗೆ ಓಡಿದೆ. ಪಕ್ಕದ ಮನೆ ಎಂಬ ಮನೆ ಆಗ ಎಷ್ಟೋ ದೂರ ಸರಿದಿತ್ತು. ಅವರು ಜಗಳವಾಡಲಿಲ್ಲ, ಏಣಿ ಹಿಡಿದು ನಿಂತರು. ಮೇಲೆ ಹತ್ತಿ ಹಗ್ಗ ಬಿಚ್ಚಿ ಒಂದು ಮಾರು ತಂತಿ ಮಡಚಿ ಮತ್ತೆ ಕಟ್ಟಿದೆ. ಅಲ್ಲಿಂದ ಹುಸೇನಬಿಯ ಮಾಳಿಗೆಗೆ ಹೋಗಿ ಅಷ್ಟನ್ನೇ ಮಡಚಿ ಕಟ್ಟಿದೆ. ಮನೆಗೆ ಬಂದು ಗುಂಡಿ ಒತ್ತಿದರೆ ಮುಳ್ಳು ಎಲ್ಲಿತ್ತೋ ಅಲ್ಲೇ. ನಾನು ಓಡಾಡುವಷ್ಟರಲ್ಲಿ ಊರು ಮತ್ತೆ ಹಿಗ್ಗಿತ್ತು, ಕಟ್ಟಿದ ತಂತಿಯೂ ಮಡಿಕೆಯ ಸಮೇತ ಹಿಗ್ಗಿತ್ತು. ಇನ್ನೊಮ್ಮೆ ಹೋದೆ, ಇನ್ನೂ ಹೆಚ್ಚು ಮಡಚಿದೆ. ಮುಳ್ಳು ಒಂದು ಗಳಿಗೆ ಕೆಳಗಿಳಿದಂತೆ ಮಾಡಿತು. ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಏರಿತು. ಹೊರಗೆ ಕಿಟಕಿಯ ಹತ್ತಿರ ಹೆಂಗಸರು ಗುಂಪುಗೂಡಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಕರಿಕಟ್ಟಿಯಲ್ಲಿ ಆ ಮನುಷ್ಯ ನಿಶ್ಚಿಂತೆಯಿಂದ ಮಿರ್ಚಿ ತಿನ್ನುತ್ತಿರಬಹುದು ಎಂದು ನೆನೆದು ಸಿಟ್ಟು, ತಿಂದು ಮುಗಿಸಿದರೆ ಗತಿಯೇನು ಎಂದು ಅಳು.

ಸುಟ್ಟ ಬುದ್ಧಿ ಕಡೆಗೆ ಚುರುಕಾಯಿತು. ಕಟ್ಟಿದ್ದಕ್ಕೇ ಅಲ್ಲವೇ ಈ ಪೀಡೆ? ನಡುವನ್ನು ಗಳಕ್ಕೆ ಬಿಗಿದಿದೆ, ಅದಿರಲಿ. ಎರಡು ರೆಕ್ಕೆಗಳ ಕೊನೆಯನ್ನು ಕಟ್ಟದೆ ಕೈಯಲ್ಲಿ ಹಿಡಿದರೆ ತಂತಿ ನನ್ನದಾಗಿ ಉಳಿಯುತ್ತದೆ. ಬಿಚ್ಚಿದಾಗ ದಿನಕ್ಕಿಂತ ಒಂಚೂರು ಗಿಡ್ಡವಾಗುತ್ತದೆ, ಆದರೆ ಅಷ್ಟನ್ನು ಟ್ಯೂನರ್ ತಡೆದುಕೊಳ್ಳುತ್ತದೆ. ತೋರಣ ಹಿಡಿಯುವ ಊರಿನವರಿಗೆ ಇದೇನು ಹೊಸದು? ಹುಸೇನಬಿಗೆ ಹೇಳಿದ್ದೇ ತಡ, ತನ್ನ ಮಾಳಿಗೆ ಹತ್ತಿದಳು. ಎಮ್ಮೆಯ ಹಗ್ಗ ಜಗ್ಗಿ ಜಗ್ಗಿ ಅವಳ ಅಂಗೈ ಚರ್ಮದಂತಾಗಿತ್ತು. ಮೂಡಲ ತುದಿಗೆ ಯಾರು? ಗಟ್ಟಿ ಕೈಯ ಗಂಡಸರೆಲ್ಲ ಹೊಳೆಯ ದಡದಲ್ಲಿದ್ದರು. ಗದಿಗೆಪ್ಪ ಕಾಕಾ ಎಪ್ಪತ್ತು ದಾಟಿದವರು. ನನ್ನ ಮುಖ ನೋಡಿ, “ನನ್ನ ಮಾಳಗಿ, ನಾನ ಹಿಡೀತೀನಿ” ಅಂದರು.

ಮಡಿಕೆಗಳನ್ನು ಬಿಡಿಸಿದೆ. ಗಂಟು ಬಿಚ್ಚಿದ ತಂತಿ ಸರ್ರನೆ ಮುದುಡಿ ತನ್ನ ಉದ್ದಕ್ಕೆ ಬಂತು, ಕಡಿಮೆ ಬಿದ್ದಷ್ಟಕ್ಕೆ ಹಗ್ಗ ಸೇರಿಸಿದೆ. ಹಗ್ಗ ಮಾತ್ರ ಹಿಡಿಯಬೇಕು, ತಂತಿಗೆ ಕೈ ತಾಗಿದರೆ ಚುರ್ ಎಂದು ಸುಡುತ್ತದೆ ಎಂದು ಇಬ್ಬರಿಗೂ ಹೇಳಿದೆ. ಊರು ದೂರ ಜಗ್ಗಿದಂತೆ ಸಡಿಲ ಬಿಡುತ್ತಾ ಹೋಗಬೇಕು, ಆದರೆ ತಂತಿ ಜೋತುಬೀಳಬಾರದು. ಮನೆಗೆ ಬಂದು ಗುಂಡಿ ಒತ್ತಿ ಟ್ಯೂನರ್ ತಿರುಗಿಸಿದೆ. ಮುಳ್ಳು ಇಳಿಯಿತು. ಇನ್ನೂ ಇಳಿಯಿತು. ಎಡಗಡೆಯ ತುದಿಗೆ ಹೋಗಿ ಪಾಪದ ಹಸುವಿನ ಹಾಗೆ ಮಲಗಿತು.

ದಾವಲಸಾಬನನ್ನು ಕರೆದೆ. ಗೊರ ಗೊರ ಸದ್ದು, ಮತ್ತೇನಿಲ್ಲ. ಮತ್ತೆ ಕರೆದೆ. ಮೂರನೆಯ ಸಲಕ್ಕೆ ಅವನ ದನಿ ತೆಳ್ಳಗೆ ತೇಲಿ ಬಂತು, ಎಂದಿನ ನಗುವಿನಲ್ಲೇ. ಇವತ್ತು ಯಾಕೋ ಅಕ್ಕನ ದನಿ ಬಾವಿಯೊಳಗಿಂದ ಬಂದ ಹಾಗಿದೆ ಅಂದ. ನಗಲು ಪುರುಸೊತ್ತಿಲ್ಲ, ಬಸ್ಸು ಬಿಡಬೇಡ, ಸೇತುವೆ ಎಂದೆ ನೋಡಿ, ಅಷ್ಟರಲ್ಲಿ ಮುಳ್ಳು ಜಿಗಿದು ಬಲಕ್ಕೆ ಹೋಯಿತು. ಸೆಟ್ಟು ದನಿ ತಗ್ಗಿಸಿತು.

ಅಂಗಳಕ್ಕೆ ಓಡಿ ಪಡುವಲಿಗೆ ನೋಡಿದೆ. ಹುಸೇನಬಿ ಮಾಳಿಗೆಯಂಚಿನ ಕುಂಬಿಗೆ ಕಾಲು ಕೊಟ್ಟು ನಿಂತಿದ್ದಳು, ಸರಿಯಾಗೇ ಹಿಡಿದಿದ್ದಳು. ಮೂಡಲಿಗೆ ನೋಡಿದೆ. ಗದಿಗೆಪ್ಪ ಕಾಕಾನ ಕೈಯಲ್ಲಿ ಹಗ್ಗ ಮುಗಿದಿತ್ತು. ಊರು ಜಗ್ಗಿದಂತೆ ಬಿಡುತ್ತಾ ಬಿಡುತ್ತಾ ಗೇಣುದ್ದವೇ ಉಳಿದಿತ್ತು. ಜಾರಿಬಿಟ್ಟರೆ ಗತಿಯೇನೆಂದು ಹೆದರಿ ಆ ಕೊನೆಯನ್ನು ಮಾಳಿಗೆಯ ಗೂಟಕ್ಕೆ ಒಂದು ಸುತ್ತು ಹಾಕಿದ್ದರು. ನಾನು ಕೆಳಗಿನಿಂದ ಬಾಯಿ ಬಡಿದುಕೊಂಡೆ.

“ಗಂಟ ಹಾಕಿಲ್ಲವ್ವಾ, ಬರೇ ಒಂದ ಸುತ್ತ” ಎಂದು ಅವರೂ ಕೂಗಿದರು.

ನಮ್ಮೂರಿನ ಹಿರಿಯರು ಗಂಟಿಗೂ ಸುತ್ತಿಗೂ ವ್ಯತ್ಯಾಸ ಮಾಡುತ್ತಾರೆ. ಸುತ್ತು ಲೆಕ್ಕಕ್ಕಿಲ್ಲ, ಗಂಟು ಬಿದ್ದರಷ್ಟೇ ವಸ್ತು ಊರಿನ ಪಾಲು ಎಂದು ತಿಳಿದವರು ಅವರು. ದಿನದ ಹಿಗ್ಗಿನಲ್ಲಿ ಅದು ನಿಜವೂ ಇರಬಹುದು. ದೊಡ್ಡ ಹಿಗ್ಗು ಅಷ್ಟು ಸೂಕ್ಷ್ಮ ನೋಡುವುದಿಲ್ಲ. ಸುತ್ತು ಬಿಚ್ಚ್ರಿ ಕಾಕಾ, ಅದಕ್ಕೇ ಮಾತು ನಿಂತದ ಎಂದು ನಾನು, ನನ್ನ ಹಿಂದೆ ಹೆಂಗಸರೆಲ್ಲ, ಒಂದೇ ಸಮ ಕೂಗಿದೆವು. ಅವರಿಗೆ ತಿಳಿಯಿತು. ಸುತ್ತು ಬಿಚ್ಚಿ ಹಗ್ಗದ ತುಂಡು ಬಾಲವನ್ನು ಹಲ್ಲಿನಲ್ಲಿ ಕಚ್ಚಿದರು. ಆಮೇಲೆ ಎರಡೂ ಕೈಯಿಂದ ತಲೆಯ ರುಮಾಲು ಬಿಚ್ಚಿದರು. ಹೆಂಡತಿ ಸತ್ತಾಗ ಬಿಟ್ಟರೆ ಬಯಲಿನಲ್ಲಿ ರುಮಾಲು ತೆಗೆದವರಲ್ಲ. ಅದರ ಚುಂಗನ್ನು ಹಗ್ಗಕ್ಕೆ ಗಂಟು ಹಾಕಿ, ಉಳಿದದ್ದನ್ನು ಮುಂಗೈಗೆ ಸುತ್ತಿಕೊಂಡು ಹಿಂದಕ್ಕೆ ವಾಲಿ ನಿಂತರು. ನಾನು ಒಳಗೆ ಓಡಿದೆ.

ಮುಳ್ಳು ಇಳಿದಿತ್ತು. ದಾವಲಸಾಬ ನನ್ನನ್ನೇ ಕರೆಯುತ್ತಿದ್ದ, ಈ ಸಲ ದನಿಯಲ್ಲಿ ನಗು ಇರಲಿಲ್ಲ. “ನೀಲಕ್ಕಾ, ಅರ್ಧಾ ಕೇಳಿಸ್ತು. ಬಸ್ಸಿಗೇನಾಗೇದ? ಬಸ್ಸು ಹೊಂಟದ ನೋಡ್ರಿ, ಹಾರ್ನ್ ಹೊಡೀಲಿಕ್ಕತ್ತಾರ.”

“ನಿಲ್ಲಸು. ಬ್ರಿಜ್ಜು ಬಿದ್ದದ. ದಾವಲಾ, ಬ್ರಿಜ್ಜು ಇಲ್ಲ, ಬಸ್ಸು ನಿಲ್ಲಸು.”

ಅತ್ತಲಿಂದ ಬರೀ ಗೊರ ಗೊರ. ನಾನು ಮತ್ತೆ ಮತ್ತೆ ಅದನ್ನೇ ಹೇಳಿದೆ. ಕೇಳಿದನೋ, ಕೇಳಿಸಿಕೊಳ್ಳುವ ಮೊದಲೇ ಎದ್ದನೋ, ಎದ್ದರೂ ಊರುಗೋಲು ಹಿಡಿದು ಹೊರಟ ಬಸ್ಸಿನ ಹಿಂದೆ ಓಡುವವನೇ ಅವನು? ಮುಳ್ಳು ಎಡಕ್ಕೇ ಮಲಗಿತ್ತು, ನನ್ನ ಮಾತು ಹೋಗುತ್ತಿತ್ತು, ಅದು ಯಾರಿಗೆ ಮುಟ್ಟಿತು ಎಂದು ಹೇಳುವ ಮುಳ್ಳನ್ನು ಇನ್ನೂ ಯಾರೂ ಮಾಡಿಲ್ಲ. ಕಿಟಕಿಯಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಸಣ್ಣಗೆ ದೇವರ ಹೆಸರು ಹೇಳತೊಡಗಿದಳು. ನನಗೆ ಯಾವ ದೇವರೂ ನೆನಪಾಗಲಿಲ್ಲ. ಹಿಂದಿನ ರಾತ್ರಿ ಉಪ್ಪು ಹೆಚ್ಚಾಯಿತೆಂದು ಅಂದದ್ದಕ್ಕೆ ನಾನು ಗಂಡನ ಮೇಲೆ ಹರಿಹಾಯ್ದದ್ದು ನೆನಪಾಯಿತು. ಉಪ್ಪು ಹೆಚ್ಚೇ ಆಗಿತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆಗೇರಿತ್ತು. ಸೆಟ್ಟಿನಲ್ಲಿ ಕಟ್ ಎಂದು ಸದ್ದಾಯಿತು, ಯಾರೋ ಮೈಕಿನಲ್ಲಿ ಉಸಿರು ಬಿಟ್ಟರು. ಆಮೇಲೆ ಒಂದು ದಪ್ಪ ದನಿ, ಗುಂಡಿ ಎಲ್ಲಿ ಒತ್ತಬೇಕು, ಇದನ್ನೇ ಏನು ಎಂದು ಪಕ್ಕದವನನ್ನು ಕೇಳಿತು. ಹದಿನೆಂಟು ವರ್ಷ ನನ್ನ ಹುಚ್ಚಿನ ಈ ಪೆಟ್ಟಿಗೆಗೆ ಬೆನ್ನು ಹಾಕಿ ಊಟ ಮಾಡಿದ ಮನುಷ್ಯ.

“ನಾ ಇದೀನಿ. ಎಲ್ಲಾರೂ ಇದ್ದಾರ. ಇವತ್ತ ಊಟಕ್ಕ ಕಾಯಬ್ಯಾಡ.”

ನಾನು ಮೈಕು ಹಿಡಿದು, ಗುಂಡಿ ಒತ್ತಿಯೇ ಅತ್ತುಬಿಟ್ಟೆ, ಕರಿಕಟ್ಟಿಗೆಲ್ಲ ಕೇಳಿರಬೇಕು. ದಾವಲಸಾಬ ಓಡಲಿಲ್ಲವಂತೆ. ಮದುವೆಗೆಂದು ಕಟ್ಟಿಟ್ಟ ಮೈಕ್‌ಸೆಟ್ಟಿನ ದೊಡ್ಡ ಸ್ಪೀಕರನ್ನು ರಸ್ತೆಗೆ ತಿರುಗಿಸಿ, ಮುರಿಗೆಪ್ಪ, ನಿನ್ನ ಹೆಂಡತಿ ನಿಲ್ಲು ಅಂತಾಳ ಎಂದು ಅರಚಿದನಂತೆ. ಊರ ಹೊರಗಿನ ತಿರುವಿನವರೆಗೆ ಹೋಗಿದ್ದ ಬಸ್ಸು ಅಲ್ಲೇ ನಿಂತಿತಂತೆ. ಹೆಂಡತಿ ಅಂದದ್ದಕ್ಕೆ ಬ್ರೇಕು ಹಾಕಿದೆ, ದೇವರು ಅಂದಿದ್ದರೆ ಹಾಕುತ್ತಿರಲಿಲ್ಲ ಎಂದು ಇವರು ಈಗಲೂ ಹೇಳುತ್ತಾರೆ.

ಸುದ್ದಿ ಕಿಟಕಿಯಿಂದ ಓಣಿಗೆ ಹಾರಿತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿದರು, ಬೈದರು, ಕೂತು ಅತ್ತರು. ಹೊಳೆಯ ದಡದಿಂದ ಗಂಡಸರು ಬಂದರು. ಹುಸೇನಬಿ ಏಣಿ ಇಳಿದು ಬಂದು, ಕಿತ್ತ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಮ್ಮ ರಾಜೇಸಾಬ ಊಟ ಮಾಡಿದನೋ ಇಲ್ಲೋ ಕೇಳು ಅಂದಳು. ಯಾರೋ ಎಲ್ಲರಿಗೂ ಚಹಾ ಇಟ್ಟರು. ಸೂರ್ಯ ಮುಳುಗುತ್ತಿತ್ತು, ಎದುರು ಮನೆ ಮೆಲ್ಲಗೆ ಹತ್ತಿರ ಬರುತ್ತಿತ್ತು. ಬಟ್ಟಲು ಕೈಗೆ ತೆಗೆದುಕೊಂಡವಳು ಸೆಟ್ಟಿನ ಕಡೆ ಸುಮ್ಮನೆ ನೋಡಿದೆ. ಎರಡೂ ರೆಕ್ಕೆ ನೆಲಕ್ಕೆ ಬಿದ್ದಿರಬೇಕೆಂದು ಕಿಟಕಿಯಿಂದ ಹೊರಗೆ ಬಗ್ಗಿದೆ. ಪಡುವಲ ರೆಕ್ಕೆ ಬಿದ್ದಿತ್ತು. ಮೂಡಲ ರೆಕ್ಕೆ ಬಿಗಿಯಾಗಿಯೇ ಇತ್ತು.

ಬಟ್ಟಲು ಎಲ್ಲಿಟ್ಟೆನೋ ತಿಳಿಯದು. ಕಾಕಾನ ಮನೆಗೆ ಓಡಿ ಏಣಿ ಹತ್ತಿದೆ. ಗದಿಗೆಪ್ಪ ಕಾಕಾ ಬರಿದಲೆಯಲ್ಲಿ, ಕಣ್ಣು ಮುಚ್ಚಿ, ಹಿಂದಕ್ಕೆ ವಾಲಿ ನಿಂತಿದ್ದರು. ಕೆಳಗಿನ ಗದ್ದಲ ಕೇಳಿದ್ದರು, ಆದರೆ ಅದು ಅಳುವೋ ನಗುವೋ ಅವರಿಗೆ ತಿಳಿದಿರಲಿಲ್ಲ. ಹೇಳಲು ಯಾರೂ ಮೇಲೆ ಬಂದಿರಲಿಲ್ಲ. ನನ್ನ ಕಾಲ ಸದ್ದಿಗೆ ಕಣ್ಣು ಬಿಡದೆ, “ಕಲ್ಲವ್ವ?” ಎಂದು ಕೇಳಿದರು.

“ಆರಾಮ ಇದ್ದಾಳ ಕಾಕಾ. ಕರಿಕಟ್ಟ್ಯಾಗ ಮಲಗ್ಯಾಳಂತ. ಹಗ್ಗ ಬಿಡ್ರಿ ಇನ್ನ.”

ಅವರು ಕಣ್ಣು ತೆರೆದು ತಮ್ಮ ಕೈಗಳನ್ನೇ ನೋಡಿದರು.

“ಬಿಡಬೇಕಂತ ನೋಡ್ಲಿಕ್ಕತ್ತೀನಿ ತಂಗಿ, ಕೈ ಮಾತ ಕೇಳವಲ್ವು.”

ನಾನು ಅವರ ಎದುರು ಕೂತು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.